ಹಳೇ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಕಂಪನಿಯ ನಿಯಮ ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿದರೆ ರೇಟಿನ ಮಾತೇ ಮೊದಲು ಬರುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ತಯಾರಿಸಿದ ಕಂಪನಿ ಇನ್ನೆಷ್ಟು ದಿನ ಇದರ ಕೈ ಹಿಡಿಯುತ್ತದೆ? ದುಡ್ಡು ಕೊಡುವ ಮೊದಲೇ ಇದನ್ನು ನೋಡಿಕೊಳ್ಳಬಹುದು.

ಲ್ಯಾಪ್‌ಟಾಪ್ ತಿರುಗಿಸಿ. ಡೆಲ್ ಆದರೆ ತಳದಲ್ಲಿ ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್ ಇರುತ್ತದೆ. ಲೆನೊವೊ, ಎಚ್‌ಪಿ ಆದರೆ ಸೀರಿಯಲ್ ನಂಬರ್. ಅದನ್ನು ಕಂಪನಿಯ ಸಪೋರ್ಟ್ ಸೈಟಿನಲ್ಲಿ ಹಾಕಿದರೆ ವಾರಂಟಿ ಎಲ್ಲಿಯವರೆಗೆ ಇದೆ ಅಂತ ಗೊತ್ತಾಗುತ್ತದೆ. ಸ್ಟಿಕರ್ ಒಂದನ್ನೇ ನಂಬಬೇಡಿ. ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಸೆಟ್ಟಿಂಗ್ ಪರದೆ) ತೆರೆದು ಅಲ್ಲಿರುವ ನಂಬರ್ ಜೊತೆ ತಾಳೆ ಹಾಕಿ. ಹೊಂದದಿದ್ದರೆ ಬೋರ್ಡೋ ಕವಚವೋ ಬದಲಾಗಿರುವ ಸಾಧ್ಯತೆ ಜಾಸ್ತಿ. ಡೆಲ್ ವಾರಂಟಿ ಇನ್ನೂ ಉಳಿದಿದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅದೇ ಸೈಟಿನಲ್ಲಿ ಅರ್ಜಿ ಹಾಕಬಹುದು.

ಬಯೋಸ್ ಪಾಸ್‌ವರ್ಡ್ ಕೇಳಿತೇ? ವ್ಯವಹಾರ ಅಲ್ಲಿಗೇ ನಿಲ್ಲಿಸಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಲೆನೊವೊ ಅದನ್ನು ತೆಗೆದುಕೊಡುವುದಿಲ್ಲ, ಮದರ್‌ಬೋರ್ಡ್ ಬದಲಿಸಬೇಕು ಅನ್ನುತ್ತದೆ. ಕಳ್ಳಮಾಲಿಗೆ ಇದು ಒಳ್ಳೇ ತಡೆ, ಒಪ್ಪಿದೆ. ಆದರೆ ಆಫೀಸಿನಿಂದ ಲಾಟ್‌ನಲ್ಲಿ ಬಂದ ಪ್ರಾಮಾಣಿಕ ಮಾಲಿಗೂ ಅದೇ ಗತಿ.

ಇನ್ನು ಪ್ರೊಸೆಸರ್. ಹೆಚ್ಚಿನವರು ಎಡವುವುದು ಇಲ್ಲೇ. ‘ಐ5 ಇದೆ ಸಾರ್’ ಅಂದರೆ ಸಾಲದು, ಪೂರ್ತಿ ನಂಬರ್ ಓದಿ. ಐ5-7200ಯು ಅಂದರೆ ಏಳನೇ ತಲೆಮಾರು, ಐ5-8250ಯು ಅಂದರೆ ಎಂಟನೆಯದು. ಕೆಲವೇ ಅಪವಾದ ಬಿಟ್ಟರೆ, ಇಂಟೆಲ್ ಯಂತ್ರಗಳಲ್ಲಿ ಎಂಟನೇ ತಲೆಮಾರಿನಿಂದ ಈಚೆಗಿನವಕ್ಕೆ ಮಾತ್ರ ಮೈಕ್ರೋಸಾಫ್ಟ್ ವಿಂಡೋಸ್ 11 ಒಪ್ಪುತ್ತದೆ. ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೂಡ ಯಂತ್ರದಲ್ಲಿರಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೇ ತಲೆಮಾರಿನ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು, ಓಡುತ್ತದೆ ಕೂಡ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಹೀಗೆ ಬದಿಗಿಡುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಲು ರೆಡಿ ಇದ್ದರೆ ಅಂಥದ್ದನ್ನು ಧಾರಾಳವಾಗಿ ತಗೊಳ್ಳಿ, ಆದರೆ ಚೌಕಾಸಿ ಮಾಡಿ.

‘ಆಮೇಲೆ ರ್‍ಯಾಮ್ ಹಾಕಿಸ್ಕೋಬಹುದು’ ಅನ್ನುವ ಮಾತನ್ನೂ ಪರೀಕ್ಷಿಸಿ. ಥಿಂಕ್‌ಪ್ಯಾಡ್ ಟಿ480ರಲ್ಲಿ ರ್‍ಯಾಮ್‌ಗೆ ಎರಡು ಸ್ಲಾಟ್ ಇವೆ. ಟಿ480ಎಸ್‌ನಲ್ಲಿ ಸ್ವಲ್ಪ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಸ್ಲಾಟ್ ಒಂದೇ. ಎಕ್ಸ್1 ಕಾರ್ಬನ್‌ನಲ್ಲಿ ಸ್ಲಾಟೇ ಇಲ್ಲ. ಯಾವ ಭಾಗ ಬಿಚ್ಚಬಹುದು ಅಂತ ಲೆನೊವೊ, ಡೆಲ್ ಎರಡೂ ತಮ್ಮ ಸರ್ವಿಸ್ ಕೈಪಿಡಿಗಳಲ್ಲಿ ಚಿತ್ರ ಸಮೇತ ತೋರಿಸುತ್ತವೆ. ಮಾಡೆಲ್ ಹೆಸರು ಹಾಕಿ ಹುಡುಕಿದರೆ ಸುಮ್ನೆ ಸಿಗುತ್ತವೆ, ದುಡ್ಡಿಲ್ಲ.

ಮ್ಯಾಕ್‌ಬುಕ್ ಆದರೆ ಲೆಕ್ಕ ಬೇರೆ. ರಿಪೇರಿಯ ವರ್ಷಗಳನ್ನು ಆಪಲ್ ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಮಾಡೆಲ್ ಮಾರಾಟಕ್ಕೆ ಕಳಿಸುವುದನ್ನು ತಾನು ನಿಲ್ಲಿಸಿದ ದಿನದಿಂದ. ಐದು ವರ್ಷ ದಾಟಿದರೆ ಬಿಡಿಭಾಗ ಇದ್ದರಷ್ಟೇ ರಿಪೇರಿ. ಏಳು ದಾಟಿದರೆ ಅದೂ ಇಲ್ಲ. ಬ್ಯಾಟರಿ ಮಾತ್ರ, ಸ್ಟಾಕ್ ಇದ್ದರೆ, ಹತ್ತು ವರ್ಷದವರೆಗೆ ಸಿಗಬಹುದು. ಮಾರುವವರು ತಮ್ಮ ಆಪಲ್ ಖಾತೆಯಿಂದ ನಿಮ್ಮೆದುರೇ ಹೊರಬರಲಿ. ಯಂತ್ರವನ್ನು ಹಳೇ ಮಾಲೀಕರ ಖಾತೆಗೆ ಕಟ್ಟಿಹಾಕುವ ಆಕ್ಟಿವೇಶನ್ ಲಾಕ್ ಉಳಿದರೆ ಯಂತ್ರ ನಿಮ್ಮ ಕೈಯಲ್ಲಿದ್ದೂ ನಿಮ್ಮದಲ್ಲ.

ಎಲ್ಲ ಸರಿಯಿದ್ದರೆ ಬಿಲ್ ತಗೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ಆಮೇಲೆ ದುಡ್ಡು ಕೊಡಿ.