ಒಳಮೈ ನೋಡಿ ಕೊಳ್ಳುವುದು: ಹಳೇ ಬಟ್ಟೆ ಖರೀದಿಯಲ್ಲಿ ನನ್ನ ಅನುಭವ

ಬ್ರ್ಯಾಂಡ್ ನೋಡಬೇಡಿ, ಬಣ್ಣ ನೋಡಬೇಡಿ, ಮೊದಲು ಕೈಯಿಂದ ಮುಟ್ಟಿ, ಆಮೇಲೆ ಒಳಮೈ ಹೊರಗೆ ಮಾಡಿ ನೋಡಿ ಅಂತ ನಾನು ಹೇಳಿದಾಗ ಹಳೇ ಬಟ್ಟೆ ಕೊಳ್ಳುವ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಅಷ್ಟು ದೊಡ್ಡ ಅಂಗಡಿಯಲ್ಲಿ ಒಂದೊಂದನ್ನೂ ತಿರುಗಿಸುತ್ತ ನಿಂತರೆ ಹೊತ್ತು ಮುಳುಗುತ್ತೆ ಅಂದರು. ಉಳಿಸಿದ ದುಡ್ಡೆಲ್ಲ ಟೈಲರ್‌ಗೇ ಹೋಗುತ್ತೆ ಅಂದರು. ಈಗ ಮೂರ್ನಾಲ್ಕು ವರ್ಷದ ಲೆಕ್ಕ ನನ್ನ ಪುಸ್ತಕದಲ್ಲಿದೆ. ಕೊಂಡ ಬೆಲೆ, ಒಗೆತ, ಟೈಲರ್ ಕೂಲಿ ಎಲ್ಲ ಸೇರಿಸಿದರೂ, ಅದೇ ಗುಣಮಟ್ಟದ ಹೊಸ ಬಟ್ಟೆಗೆ ತೆರಬೇಕಾದದ್ದರಲ್ಲಿ ಕಾಲು ಭಾಗದ ಆಸುಪಾಸು ಖರ್ಚಾಗಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಭಾನುವಾರ ಬೆಳಿಗ್ಗೆ ಹೊರಟು ಊರೆಲ್ಲ ಸುತ್ತುವುದು, ಹೆಸರಾಂತ ಲೇಬಲ್ ಕಂಡರೆ ಎತ್ತಿಕೊಳ್ಳುವುದು. ಅದು ದೊಡ್ಡ ನಗರದಲ್ಲಿ ನಡೆಯದ ಮಾತು. ಹೆಸರಿರುವ ಲೇಬಲ್ಲನ್ನು ಅಂಗಡಿಯವರು ಬಂಡಲ್ ಬಿಚ್ಚುವಾಗಲೇ ತೆಗೆದು ಗಾಜಿನ ಹಿಂದೆ ನೇತು ಹಾಕಿರುತ್ತಾರೆ, ಬೆಲೆಯೂ ಅದಕ್ಕೆ ತಕ್ಕಂತೆ. ನಮಗೆ ಉಳಿಯುವುದು ಹೆಸರಿಲ್ಲದ್ದು, ಲೇಬಲ್ ಕಿತ್ತುಹೋದದ್ದು, ಯಾವುದೋ ಟೈಲರ್ ಒಬ್ಬರಿಗೆಂದೇ ಹೊಲಿದದ್ದು. ಲಾಭ ಇರುವುದು ಅಲ್ಲೇ. ಅವುಗಳಿಗೆ ಅಂಗಡಿಯವರ ಹತ್ತಿರ ಬೆಲೆ ಕಟ್ಟುವ ಅಳತೆಗೋಲೇ ಇಲ್ಲ. ಪಾಲಿಯೆಸ್ಟರ್ ಕೋಟಿಗೂ ಶುದ್ಧ ಉಣ್ಣೆಯ ಕೋಟಿಗೂ ಒಂದೇ ಚೀಟಿ ಅಂಟಿಸಿರುತ್ತಾರೆ.

ಕೈಯ ಕೆಲಸ ಹೀಗೆ. ರ್‍ಯಾಕ್‌ನ ಒಂದು ತುದಿಯಲ್ಲಿ ನಿಂತು ತೋಳುಗಳ ಮೇಲೆ ಬೆರಳಾಡಿಸುತ್ತ ನಡೆಯುತ್ತೇನೆ, ನಿಲ್ಲುವುದಿಲ್ಲ. ಲಿನನ್ ತಣ್ಣಗೆ, ಸ್ವಲ್ಪ ಗಡಸು. ರೇಷ್ಮೆ ಮುಟ್ಟಿದ ತಕ್ಷಣ ತಣ್ಣಗಿದ್ದು ಅರೆಕ್ಷಣದಲ್ಲಿ ಕೈಯ ಬಿಸಿಗೆ ಬೆಚ್ಚಗಾಗುತ್ತದೆ. ಉಣ್ಣೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮತ್ತೆ ಮೇಲೇಳುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಮಾತ್ರ ಮೋಸಗಾರ: ರೇಷ್ಮೆಯ ಹಾಗೇ ತಣ್ಣಗೆ ಜಾರುತ್ತದೆ, ಆದರೆ ಹಿಂಡಿದರೆ ಸುಕ್ಕು ಹಾಗೇ ನಿಲ್ಲುತ್ತದೆ. ಆರು ತಿಂಗಳ ಅಭ್ಯಾಸಕ್ಕೆ ಒಂದು ರ್‍ಯಾಕ್ ಮೂರು ನಿಮಿಷದಲ್ಲಿ ಮುಗಿಯತೊಡಗಿತು. ನೂರರಲ್ಲಿ ಏಳೆಂಟು ಮಾತ್ರ ಕೈಗೆ ಸಿಗುತ್ತವೆ, ಒಳಮೈ ತಿರುಗಿಸುವುದು ಆ ಏಳೆಂಟನ್ನು ಮಾತ್ರ. ಸಂಜೆಯಾಗುತ್ತೆ ಅಂದವರು ಈ ಲೆಕ್ಕ ಹಾಕಿರಲಿಲ್ಲ. ಮನಸ್ಸಿನಲ್ಲಿ ಅನುಮಾನ ಉಳಿದರೆ, ಕೊಂಡ ಮೇಲೆ ಮನೆಯಲ್ಲಿ ಒಳಹೊಲಿಗೆಯಿಂದ ಒಂದು ಎಳೆ ತೆಗೆದು ಸುಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ, ಕಾಗದದ ವಾಸನೆ ಬಂದರೆ ಹತ್ತಿಯ ಜಾತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಂಗಡಿಯಲ್ಲಿ ಇದನ್ನು ಮಾಡಲು ಹೋಗಬೇಡಿ.

ಒಳಮೈ ತಿರುಗಿಸಿದಾಗ ನಾನು ಮೊದಲು ನೋಡುವುದು ಹೊಲಿಗೆಯ ಆಚೆ ಎಷ್ಟು ಬಟ್ಟೆ ಉಳಿಸಿದ್ದಾರೆ ಎಂದು. ಪಕ್ಕದ ಹೊಲಿಗೆಯಲ್ಲಿ ಎರಡು ಸೆಂ.ಮೀ. ಒಳಬಟ್ಟೆ ಇದ್ದರೆ, ಹೊಲಿದವರು ಮುಂದೆ ಅಗಲ ಮಾಡಲಿಕ್ಕೆಂದೇ ಬಿಟ್ಟಿದ್ದಾರೆ ಎಂದರ್ಥ. ಇತ್ತೀಚಿನ ಸಿದ್ಧ ಉಡುಪಿನಲ್ಲಿ ಓವರ್‌ಲಾಕ್ (ಅಂಚು ಬಿಚ್ಚದಂತೆ ಹಾಕುವ ಸುತ್ತುಹೊಲಿಗೆ) ಹೊಡೆದು ಅರ್ಧ ಸೆಂ.ಮೀ. ಬಿಟ್ಟರೆ ಹೆಚ್ಚು. ಇನ್ನೊಂದು ವಿಷಯ: ಸಡಿಲಿಸುವ ಮುಂಚೆ ಆ ಒಳಬಟ್ಟೆಯ ಬಣ್ಣವನ್ನು ಹೊರಮೈಗೆ ಹೋಲಿಸಿ ನೋಡಿ. ಹೊರಗಿನದು ಬಿಸಿಲಿಗೆ ಮಾಸಿದ್ದರೆ ಬಿಚ್ಚಿದ ಜಾಗದಲ್ಲಿ ಕಡುಬಣ್ಣದ ಪಟ್ಟಿಯೊಂದು ಕಾಣುತ್ತದೆ, ಅದನ್ನು ಯಾವ ಟೈಲರ್ ಕೈಯಲ್ಲೂ ಮರೆಸಲಾಗದು. ಒಂದು ನೀಲಿ ಲಿನನ್ ಜಾಕೆಟ್ ನನ್ನ ಹತ್ತಿರ ಹೀಗೇ ಸೋತು ಕೂತಿದೆ.

ಕೋಟಿನಲ್ಲಿ ಎದೆಯ ಭಾಗವನ್ನು, ಗುಂಡಿ ಮತ್ತು ಕಾಲರ್ ಮಡಿಕೆಯ ನಡುವೆ, ಎರಡೂ ಕಡೆಯಿಂದ ಚಿವುಟಿ ಮೆಲ್ಲಗೆ ಬೇರ್ಪಡಿಸಿ ನೋಡುತ್ತೇನೆ. ನಡುವೆ ಮೂರನೆಯ ಪದರವೊಂದು ತಾನೇ ತಾನಾಗಿ ಓಡಾಡುವಂತಿದ್ದರೆ ಅದು ಹೊಲಿದ ಕ್ಯಾನ್ವಾಸ್, ಅಂದರೆ ಎದೆಗೆ ಆಕಾರ ಕೊಡುವ ಒಳಪದರ. ಎರಡೇ ಪದರ ಸಿಕ್ಕಿ ಮೇಲಿನದು ಗಟ್ಟಿಯಾಗಿದ್ದರೆ ಅಂಟು ಹಾಕಿ ಇಸ್ತ್ರಿ ಹೊಡೆದದ್ದು. ಅಂಥ ಹಳೇ ಕೋಟು ಒಂದೆರಡು ಒಗೆತದಲ್ಲಿ ಗುಳ್ಳೆ ಏಳುವ ಸಂಭವ ಹೆಚ್ಚು. ಆಮೇಲೆ ಒಳಜೇಬಿನ ಒಳಕ್ಕೆ ಕೈ ಹಾಕಿ ಜೇಬನ್ನೇ ಹೊರಗೆಳೆಯುತ್ತೇನೆ. ಅಳತೆ ಕೊಟ್ಟು ಹೊಲಿಸಿದ ಸೂಟಿನಲ್ಲಿ ಅಲ್ಲೊಂದು ಚಿಕ್ಕ ಬಿಳಿ ಚೀಟಿ ಹೊಲಿದಿರುತ್ತಾರೆ, ಗಿರಾಕಿಯ ಹೆಸರು ಮತ್ತು ತಾರೀಖು ಶಾಯಿಯಲ್ಲಿ. ನನ್ನ ಬೂದುಬಣ್ಣದ ಉದ್ದ ಕೋಟಿನಲ್ಲಿ ಶಾಯಿ ಕಂದುಬಣ್ಣಕ್ಕೆ ತಿರುಗಿದೆ, ಆದರೆ 1958 ಅನ್ನೋದು ಸ್ಪಷ್ಟ. ಕಾಜಾಗಳೆಲ್ಲ ಕೈಹೊಲಿಗೆ, ಒಂದೊಂದರ ತುದಿಯಲ್ಲೂ ಸಣ್ಣ ಗಂಟು. ಅದು ಸಿಕ್ಕದ್ದು ನೈಲಾನ್ ಜಾಕೆಟ್‌ಗಳ ರಾಶಿಯಲ್ಲಿ, ನೈಲಾನ್ ಜಾಕೆಟ್ಟಿನ ಬೆಲೆಗೇ. ಈ ಕೋಟಿನ ವಿಷಯದಲ್ಲಿ ನನಗೆ ನಿಜಕ್ಕೂ ಹೆಮ್ಮೆಯಿದೆ.

ಬಟ್ಟೆ ಯಾವ ಕಾಲದ್ದೆಂದು ಹೇಳುವ ಗುರುತುಗಳು ಹಲವಿವೆ, ನನಗೆ ಕೆಲಸಕ್ಕೆ ಬಂದವನ್ನಷ್ಟೇ ಹೇಳುತ್ತೇನೆ. ಶುದ್ಧ ಉಣ್ಣೆಯ ಗುರುತಾದ, ಉಣ್ಣೆಯ ಉಂಡೆಯಂಥ ವುಲ್‌ಮಾರ್ಕ್ ಚಿಹ್ನೆ ಇದ್ದರೆ ಅದು 1964ರ ನಂತರದ್ದು. ಅಮೆರಿಕದ ಬಟ್ಟೆಯಲ್ಲಿ ಒಗೆಯುವ ಸೂಚನೆಯ ಚೀಟಿ ಕಡ್ಡಾಯವಾದದ್ದು 1972ರಿಂದ. ಅಲ್ಲಿನ ಲೇಬಲ್‌ನಲ್ಲಿ ಐದಂಕಿಯ ಅಂಚೆ ಕೋಡ್ ಕಂಡರೆ 1963ರ ಈಚಿನದು. ಬ್ರಿಟನ್ನಿನ ಉಡುಪಿನಲ್ಲಿ ಎರಡು ಸಿ ಅಕ್ಷರ ಮತ್ತು 41 ಸೇರಿದ ಮುದ್ರೆ ಸಿಕ್ಕರೆ ಅದು ಯುದ್ಧಕಾಲದ ಕೊರತೆಗೆಂದು ಶುರುವಾಗಿ 1941ರಿಂದ 1952ರವರೆಗೆ ನಡೆದ ಸರ್ಕಾರಿ ಯೋಜನೆಯ ಸರಕು. ಅದರ ಹೊಲಿಗೆ ಇವತ್ತಿಗೂ ಅಲ್ಲಾಡುವುದಿಲ್ಲ. ಲಿವೈಸ್‌ನ ಜೀನ್ಸ್ ಜೇಬಿನ ಕೆಂಪು ಪಟ್ಟಿಯಲ್ಲಿ ಕಂಪನಿ ಹೆಸರಿನ ದೊಡ್ಡ (ಕ್ಯಾಪಿಟಲ್) ಇ ಅಕ್ಷರ 1971ಕ್ಕೆ ನಿಂತಿತು ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಆಮೇಲೆ ಕಂಪನಿಯೇ ಹಳೆಯ ಮಾದರಿಯನ್ನು ಮತ್ತೆ ಹೊಲಿದಾಗ ದೊಡ್ಡ ಇ ಹಾಕಿದೆ. ಅದೊಂದನ್ನೇ ನಂಬಿ ದುಡ್ಡು ಎಣಿಸಬೇಡಿ. ನನ್ನ ಮಟ್ಟಿಗೆ ಲೇಬಲ್‌ಗಿಂತ ಜಿಪ್ ಮೇಲು. ಹೆಣ್ಣುಮಕ್ಕಳ ಉಡುಪಿನಲ್ಲಿ ಲೋಹದ ಜಿಪ್ ಹೋಗಿ ನೈಲಾನ್ ಸುರುಳಿ ಬಂದದ್ದು 1960ರ ದಶಕದಲ್ಲಿ. ಆದರೆ ಜಿಪ್ ಬದಲಿಸಿದ್ದಾರೋ ಎಂದು ಅದರ ಸುತ್ತಲಿನ ಹಳೆಯ ಸೂಜಿತೂತುಗಳನ್ನು ನೋಡಲೇಬೇಕು.

ಇನ್ನು ದುಡ್ಡಿನ ಮಾತು. ನನ್ನದೊಂದೇ ಕಟ್ಟುಪಾಡು: ಬೆಲೆ, ಒಗೆತ, ರಿಪೇರಿ ಮೂರೂ ಸೇರಿ ಹೊಸದರ ಮೂರನೇ ಒಂದನ್ನು ದಾಟುವಂತಿದ್ದರೆ ಅಲ್ಲೇ ಬಿಟ್ಟು ಬರುವುದು. ಇದಕ್ಕೆ ಟೈಲರ್ ದರ ಬಾಯಿಪಾಠ ಇರಬೇಕು. ಪ್ಯಾಂಟಿನ ಉದ್ದ, ಸೊಂಟ, ಸ್ಕರ್ಟಿನ ಅಂಚು, ಇವೆಲ್ಲ ಅಗ್ಗ. ಕೋಟಿನ ತೋಳಿನ ಉದ್ದ ಕಡಿಮೆ ಮಾಡುವುದು ಕೂಡ ಅಗ್ಗವೇ, ಮುಂಗೈ ಬಳಿ ನಿಜವಾದ ಕಾಜಾ ಕತ್ತರಿಸಿಲ್ಲದಿದ್ದರೆ. ಭುಜಕ್ಕೆ ಮಾತ್ರ ಕೈ ಹಾಕಬೇಡಿ. ಭುಜ ಕೂರದ ಕೋಟು ನಿಮ್ಮದಲ್ಲ. ಲೈನಿಂಗ್ ಪೂರ್ತಿ ಬದಲಿಸುವುದು ಎಷ್ಟೋ ಸಲ ಕೋಟಿಗಿಂತ ದುಬಾರಿ: ಒಂದು ಕಂದು ಟ್ವೀಡ್ (ಒರಟು ಉಣ್ಣೆ) ಕೋಟಿಗೆ ಟೈಲರ್ ಹೇಳಿದ ಕೂಲಿ ಕೋಟಿನ ಬೆಲೆಯ ಎರಡೂವರೆ ಪಟ್ಟು. ರಫೂ ಮಾಡುವವರು, ಅಂದರೆ ತೂತನ್ನು ಕಾಣದಂತೆ ಎಳೆ ನೇಯ್ದು ಮುಚ್ಚುವವರು, ನಗರದಲ್ಲಿ ಕಡಿಮೆಯಾಗಿದ್ದಾರೆ, ಇರುವವರು ತೂತಿನ ಲೆಕ್ಕದಲ್ಲಿ ಕೇಳುತ್ತಾರೆ. ಆದ್ದರಿಂದ ಉಣ್ಣೆ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಎಣಿಸಿ, ನಂತರ ಚೌಕಾಸಿಗೆ ಇಳಿಯಿರಿ. ಅಂಗಡಿಯವರಿಗೆ ಕಾಣದ ತೂತನ್ನು ಬೆಳಕಿನಲ್ಲಿ ತೋರಿಸಿದರೆ ಬೆಲೆ ಇಳಿಯುತ್ತದೆ.

ಕೆಜಿ ಲೆಕ್ಕದ ಮಾರಾಟ ನಡೆಯುವಾಗ ಎಲ್ಲರೂ ಕೋಟಿನ ಕಡೆ ಓಡುತ್ತಾರೆ. ನಾನು ಉಲ್ಟಾ. ರೇಷ್ಮೆ ಶರ್ಟ್ ಒಂದು ನೂರೈವತ್ತು, ಇನ್ನೂರು ಗ್ರಾಂ ತೂಗಬಹುದು. ಉದ್ದ ಉಣ್ಣೆ ಕೋಟು ಎರಡು ಕೆಜಿ. ತೂಕಕ್ಕೆ ಕೊಡುವ ಕಡೆ ರೇಷ್ಮೆ, ತೆಳು ಲಿನನ್, ಸ್ಕಾರ್ಫ್ ಎತ್ತಿ, ಕೋಟನ್ನು ಒಂದಕ್ಕಿಷ್ಟು ಅಂತ ಹಾಕಿರುವ ಅಂಗಡಿಯಲ್ಲಿ, ಅದೂ ಬೇಸಿಗೆಯಲ್ಲಿ ಕೊಳ್ಳುತ್ತೇನೆ. ನನ್ನ ಉಳಿತಾಯದ ಹೆಚ್ಚುಪಾಲು ಬಂದದ್ದು ಇದರಿಂದಲೇ. ನಗರದ ಯಾವ ಬಗೆಯ ಬಡಾವಣೆಯಲ್ಲಿ, ವಾರದ ಯಾವ ಹೊತ್ತಿಗೆ ಹೊಸ ಮಾಲು ಹೊರಗೆ ಬರುತ್ತದೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅದಕ್ಕೆ ನನಗೆ ತುಂಬಾ ದಿನ ಹಿಡಿದಿದೆ.

ಸೋತ ಸರಕಿನ ಪಟ್ಟಿಯೂ ಉದ್ದವಿದೆ. ಕೃತಕ ಚರ್ಮ, ಹೊಳಪು ಲೇಪದ ರೇನ್‌ಕೋಟು ಯಾವುದೂ ಉಳಿಯಲಿಲ್ಲ. ಪಾಲಿಯುರಿಥೇನ್ ಲೇಪ ಗಾಳಿಯ ತೇವಕ್ಕೆ ತಾನಾಗಿ ಒಡೆಯುತ್ತ ಹೋಗುತ್ತದೆ, ತೊಡದೆ ಇಟ್ಟರೂ ಸಿಪ್ಪೆ ಏಳುತ್ತದೆ. ಮುಟ್ಟಿದಾಗ ಅಂಟಂಟು ಅನಿಸಿದರೆ ಅದರ ಕಥೆ ಮುಗಿದಿದೆ. ನೂರು ವರ್ಷ ಹಿಂದಿನ ರೇಷ್ಮೆಯದು ಇನ್ನೊಂದು ಗೋಳು. ತೂಕ ಹೆಚ್ಚಲೆಂದು ಆಗ ತವರದ ಲವಣ ಸೇರಿಸುತ್ತಿದ್ದರು, ಈಗ ಅದು ಮಡಿಕೆಯ ಗುಂಟ ಸೀಳುತ್ತದೆ. ಹಿಂಬದಿಗೆ ಬಟ್ಟೆ ಕೊಟ್ಟು ಅಂಟಿಸಿದರೂ ಪಕ್ಕದಲ್ಲಿ ಸೀಳಿತು. ಅದನ್ನು ನೋಡಿ ಸಂತೋಷಪಡಿ, ತೊಡಲು ಕೊಳ್ಳಬೇಡಿ.

ವಾಸನೆಗೆ ನಾನು ಮಾಡದ ಪ್ರಯೋಗವಿಲ್ಲ. ಹತ್ತಿ, ಲಿನನ್ ಆದರೆ ಸೋಡಿಯಂ ಪರ್ಕಾರ್ಬೊನೇಟ್ (ಕಲೆ ತೆಗೆಯುವ ಬಿಳಿ ಪುಡಿ) ಹಾಕಿದ ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದರೆ ಹಳದಿಯೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಉಣ್ಣೆ, ರೇಷ್ಮೆಗೆ ಅದು ಆಗದು, ಕ್ಷಾರ ಎಳೆಯನ್ನೇ ತಿನ್ನುತ್ತದೆ. ಉಣ್ಣೆಗೆ ನಾಟಕದ ವಸ್ತ್ರವಿಭಾಗದವರ ಉಪಾಯ ಹಿಡಿದೆ: ಅಗ್ಗದ ವೋಡ್ಕಾ ಸಿಂಪಡಿಸಿ ಗಾಳಿಗೆ ಹರಡುವುದು. ಬೆವರಿಗೆ ಚೆನ್ನಾಗಿ ಕೆಲಸ ಮಾಡಿತು, ನುಸಿಗುಳಿಗೆಯ ವಾಸನೆಗೆ ಏನೂ ಮಾಡಲಿಲ್ಲ. ನುಸಿಗುಳಿಗೆಗೆ ಗಾಳಿ ಮತ್ತು ವಾರಗಟ್ಟಲೆ ತಾಳ್ಮೆಯೇ ಮದ್ದು. ಪಾಲಿಯೆಸ್ಟರ್ ಕಂಕುಳಿನ ವಾಸನೆ ಒಗೆದಾಗ ಹೋಗಿ, ತೊಟ್ಟು ಮೈ ಬಿಸಿಯಾದ ಕೂಡಲೇ ವಾಪಸ್ ಬರುತ್ತದೆ. ಅದಕ್ಕೊಂದು ಮದ್ದು ಕಂಡುಕೊಂಡಿದ್ದೇನೆ, ಇನ್ನಷ್ಟು ಬಟ್ಟೆಗಳ ಮೇಲೆ ನೋಡಿದ ಮೇಲೆ ಹೇಳುತ್ತೇನೆ. ಉಣ್ಣೆ ಯಾವುದೇ ಇರಲಿ, ಬೀರುವಿಗೆ ಸೇರಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡುತ್ತೇನೆ, ಒಳಗಿನ ಹುಳು ಸಾಯಲೆಂದು. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಬೀರುವಿನ ಅರ್ಧ ಹೋಗಿರುತ್ತದೆ.

ನಡುವೆ ಬೇರೆ ಹುಚ್ಚುಗಳೂ ಹಿಡಿದವು. ನೇರಳಾತೀತ ಟಾರ್ಚ್ ಕೊಂಡೆ, ಹೊಸ ದಾರ ಕತ್ತಲಲ್ಲಿ ಹೊಳೆಯುತ್ತದೆ, ಅದರಿಂದ ನಕಲಿ ಹಳೇ ಬಟ್ಟೆ ಹಿಡಿಯಬಹುದು ಅಂತ ಕೇಳಿದ್ದೆ. ಆದರೆ ಈಗಿನ ಸೋಪುಪುಡಿಯಲ್ಲಿ ಹೊಳಪುಕಾರಕ ಇರುವುದರಿಂದ ಒಮ್ಮೆ ಒಗೆದ ಹಳೆಯದೂ ಹೊಳೆಯುತ್ತದೆ. ಕಾಲ ತಿಳಿಯಲು ಟಾರ್ಚ್ ನಿಷ್ಪ್ರಯೋಜಕ, ಆದರೆ ಹಗಲಲ್ಲಿ ಕಾಣದ ಬೆವರಿನ ಕಲೆಯನ್ನು ಚೆನ್ನಾಗಿ ತೋರಿಸುತ್ತದೆ. ಇನ್ನೊಂದು, ಬಣ್ಣ ಹಾಕುವುದು. ಮಾಸಿದ ಹತ್ತಿ ಉಡುಪಿಗೆ ಕಡುನೀಲಿ ಹಾಕಿದರೆ ಬಟ್ಟೆ ನೀಲಿಯಾಯಿತು, ಹೊಲಿಗೆ ಮಾತ್ರ ಬೆಳ್ಳಗೆ ಉಳಿಯಿತು, ಏಕೆಂದರೆ ದಾರ ಪಾಲಿಯೆಸ್ಟರ್. ಅದರ ಪಕ್ಕದಲ್ಲೇ ಬಣ್ಣ ಹಾಕಿದ ಇನ್ನೊಂದು ಹಳೆಯ ಉಡುಪಿನಲ್ಲಿ ದಾರವೂ ನೀಲಿಯಾಗಿತ್ತು. ಅದು ಹತ್ತಿದಾರದ ಕಾಲದ್ದು ಅಂತ ಆಗ ತಿಳಿಯಿತು. ಕುಗ್ಗಿದ ಸ್ವೆಟರನ್ನು ಕೂದಲ ಕಂಡೀಷನರ್ ನೀರಿನಲ್ಲಿ ನೆನೆಸಿ ಎಳೆದು ಒಣಗಿಸಿದರೆ ಎದೆಯ ಸುತ್ತ ಮೂರ್ನಾಲ್ಕು ಸೆಂ.ಮೀ. ವಾಪಸ್ ಬಂತು. ಎಳೆ ಎಳೆ ಹೆಣೆದುಕೊಂಡು ಕಂಬಳಿಯಂತಾಗಿದ್ದರೆ ಅದೂ ಬರುವುದಿಲ್ಲ.

ಆ ಕಂದು ಟ್ವೀಡನ್ನು ನಾನು ಬಿಟ್ಟಿಲ್ಲ. ಟೈಲರ್ ಕೂಲಿ ಕೇಳಿದ ಮೇಲೆ ಹಳೆಯ ಲೈನಿಂಗ್ ನಾನೇ ಬಿಚ್ಚಿ, ಅದರ ತುಂಡುಗಳನ್ನೇ ಅಚ್ಚಾಗಿಟ್ಟು, ತೂಕದ ಮಾರಾಟದಲ್ಲಿ ಸಿಕ್ಕ ದೊಡ್ಡ ರೇಷ್ಮೆ ನಿಲುವಂಗಿಯೊಂದನ್ನು ಕತ್ತರಿಸಿದ್ದೇನೆ. ಬೆನ್ನಿನ ನಡುವೆ ಎರಡೂವರೆ ಸೆಂ.ಮೀ. ಮಡಿಕೆ ಬಿಟ್ಟಿದ್ದೇನೆ, ಕೈ ಮುಂದೆ ಚಾಚಿದಾಗ ಬಿಗಿಯಬಾರದಲ್ಲ. ಬೆನ್ನು, ಎದೆ ಎರಡೂ ಕೂತಿವೆ, ತೋಳು ಬಾಕಿ. ಇಲ್ಲಿಯವರೆಗಿನ ಖರ್ಚು ಟೈಲರ್ ಹೇಳಿದ್ದರ ಹತ್ತರಲ್ಲೊಂದು ಪಾಲೂ ಆಗಿಲ್ಲ.