ಕೆಂಡವಿಲ್ಲದ ರಿಬ್ಸ್: ನಾಲ್ಕನೇ ಸಲಕ್ಕೆ ಕೈಹಿಡಿಯಿತು

"ಕೆಂಡ ಇಲ್ಲದೆ ರಿಬ್ಸ್ ಮಾಡ್ತೀಯಾ? ಸುಮ್ನೆ ದುಡ್ಡು ಹಾಳು" ಅಂತ ಭಾವ ನಕ್ಕಿದ್ದರು. ರಿಬ್ಸ್ ಅಂದರೆ ಹಂದಿಯ ಪಕ್ಕೆಲುಬಿನ ಮಾಂಸ. ಹೋದ ಭಾನುವಾರ ಅದೇ ಭಾವ ಎರಡನೇ ಸಲ ತಟ್ಟೆ ಚಾಚಿದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಮ್ಮದು ಫ್ಲಾಟು. ಬಾಲ್ಕನಿಯಲ್ಲಿ ಗ್ರಿಲ್ ಹಚ್ಚುವಂತಿಲ್ಲ. ಮನೆಯೊಳಗೆ ಇದ್ದಿಲು ಉರಿಸುವ ಮಾತಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಬಾರದೆ ಜೀವ ತೆಗೆಯುತ್ತದೆ. ಉಳಿದದ್ದು ಓವನ್ ಒಂದೇ.

ಮೊದಲ ಸಲ ಮುಕ್ಕಾಲು ಗಂಟೆ ನೀರಲ್ಲಿ ಕುದಿಸಿ, ಸಾಸ್ ಸವರಿ ಓವನ್‌ಗೆ ಇಟ್ಟೆ. ಮೆತ್ತಗೇನೋ ಆಯಿತು. ಆದರೆ ರುಚಿಯೆಲ್ಲ ನೀರಿಗಿಳಿದಿತ್ತು, ಆ ನೀರನ್ನು ನಾನೇ ಸಿಂಕಿಗೆ ಸುರಿದಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಎರಡನೇ ಸಲ 200 ಡಿಗ್ರಿಯಲ್ಲಿ ಒಂದು ಗಂಟೆ. ಮಸಾಲೆಯ ಸಕ್ಕರೆ ಸೀದು ಕಹಿಯಾಯಿತು, ಒಳಗೆ ಮಾಂಸ ರಬ್ಬರು. ಥರ್ಮಾಮೀಟರ್ 75 ತೋರಿಸಿದ್ದನ್ನು ನಂಬಿ ಮೋಸಹೋದೆ. 63ಕ್ಕೆ ತಂದು ಮೂರು ನಿಮಿಷ ಬಿಟ್ಟರೆ ಹಂದಿಮಾಂಸ ತಿನ್ನಬಹುದು, ನಿಜ. ಆದರೆ ರಿಬ್ಸ್‌ನ ಗಟ್ಟಿ ನಾರು ಕರಗಬೇಕಾದರೆ 90 ದಾಟಬೇಕು, ಅದೂ ನಿಧಾನವಾಗಿ. ಮೂರನೇ ಸಲ ಕುಕ್ಕರ್. 25 ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಮೂಳೆ ಒಂದು ಕಡೆ, ಮಾಂಸ ಒಂದು ಕಡೆ! ಬ್ರೆಡ್ಡಿನೊಳಗಿಟ್ಟು ತಿಂದೆವು.

ಆ ಮೂರು ಸಲದ ದುಡ್ಡಿನಲ್ಲಿ ಮನೆಮಂದಿಯೆಲ್ಲ ಎರಡು ಸಲ ಹೊರಗೆ ಉಣ್ಣಬಹುದಿತ್ತು. ಹೆಂಡತಿ ಆ ಲೆಕ್ಕ ಇನ್ನೂ ಮರೆತಿಲ್ಲ. ತಪ್ಪು ನನ್ನದೇ, ಕಲಿಯುವಾಗಲೇ ಬೆನ್ನಿನ ಕಡೆಯ ದುಬಾರಿ ರಿಬ್ಸ್, ಬೇಬಿ ಬ್ಯಾಕ್, ತರುತ್ತಿದ್ದೆ. ಹೊಟ್ಟೆ ಕಡೆಯ ಸ್ಪೇರ್ ರಿಬ್ಸ್ ಅಗ್ಗ, ಕೊಬ್ಬೂ ಜಾಸ್ತಿ, ಹತ್ತಿಪ್ಪತ್ತು ನಿಮಿಷ ಹೆಚ್ಚಾದರೂ ಒಣಗುವುದಿಲ್ಲ. ಇನ್ನೊಂದು ಸಣ್ಣ ಖರ್ಚು, ಓವನ್ ಒಳಗಿಡುವ ಥರ್ಮಾಮೀಟರ್. ಗುಂಡಿ 135 ಅನ್ನುವಾಗ ಒಳಗೆ ಹೆಚ್ಚುಕಮ್ಮಿ 160 ಇತ್ತು! ಇಷ್ಟು ದಿನ ಸುಳ್ಳು ಹೇಳುವ ಓವನ್ ಜೊತೆ ಗುದ್ದಾಡುತ್ತಿದ್ದೆ.

ನಾಲ್ಕನೇ ಸಲ ಮೂಳೆ ಕಡೆಯ ಪೊರೆಯನ್ನು ಟಿಶ್ಯೂ ಪೇಪರಿನಿಂದ ಹಿಡಿದು ಒಂದೇ ಎಳೆತಕ್ಕೆ ಕಿತ್ತೆ. ಬರಿಗೈಲಿ ಜಾರುತ್ತದೆ. ಹಿಂದಿನ ರಾತ್ರಿಯೇ ಉಪ್ಪು ಸವರಿ ಮುಚ್ಚದೆ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ಉಳಿದ ಮಸಾಲೆ, ನಾಲ್ಕು ಚಮಚ ವಿನೆಗರ್. ಹುಳಿ ಫಾಯಿಲನ್ನು ತಿನ್ನುತ್ತದೆ, ಒಮ್ಮೆ ತೂತಾಗಿ ಟ್ರೇ ತುಂಬ ರಸ ಹರಿದಿತ್ತು. ಅದಕ್ಕೇ ಒಳಗೆ ಬೇಕಿಂಗ್ ಪೇಪರ್, ಹೊರಗೆ ಎರಡು ಸುತ್ತು ಫಾಯಿಲ್. 135ರಲ್ಲಿ ಎರಡೂವರೆ ಗಂಟೆ, ಮೂರೂ ಆಗಿರಬಹುದು. ಗಡಿಯಾರಕ್ಕಿಂತ ಇಕ್ಕಳವನ್ನೇ ನಂಬಿದೆ. ಎತ್ತಿದಾಗ ರಿಬ್ಸ್‌ನ ಇಡೀ ಪಟ್ಟಿ ಬಾಗಿ ಮೇಲೆ ಬಿರುಕು ಬಿಡಬೇಕು, ತುಂಡಾಗಬಾರದು.

ಆಮೇಲೆ ಎಲ್ಲರೂ ಅವಸರ ಮಾಡುವ ಜಾಗ. ಬೆಂದ ಬಿಸಿ ಇರುವಾಗಲೇ ಬ್ರಾಯ್ಲರ್, ಅಂದರೆ ಓವನ್ನಿನ ಮೇಲ್ಗಡೆಯ ಉರಿ, ಅದರ ಕೆಳಗಿಟ್ಟರೆ ಪಟ್ಟಿ ಕೈಯಲ್ಲೇ ಕಳಚುತ್ತದೆ. ನಾನು ಆರಿ ಕೈಗೆ ಬೆಚ್ಚಗೆನಿಸುವವರೆಗೆ ಬಿಟ್ಟು, ಫಾಯಿಲ್ ಸಮೇತ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಪಟ್ಟಿ ಗಟ್ಟಿಯಾಗಿತ್ತು, ಕೊಬ್ಬು ಮೇಲೆ ಹೆಪ್ಪುಗಟ್ಟಿತ್ತು, ಕೆರೆದು ತೆಗೆಯುವುದು ಸುಲಭ. ಕೆಳಗಿನ ರಸವನ್ನು ಸಾಸ್ ಜೊತೆ ಕುದಿಸಿ ಅರ್ಧಕ್ಕಿಳಿಸಿದೆ. ಪಟ್ಟಿಯನ್ನು ಫಾಯಿಲ್‌ನಲ್ಲೇ ಬಿಸಿಮಾಡಿ, ಬಿಚ್ಚಿ, ಸಾಸನ್ನು ತೆಳ್ಳಗೆ ಎರಡು ಸಲ ಹಚ್ಚಿ ಬ್ರಾಯ್ಲರ್ ಕೆಳಗೆ ನಾಲ್ಕೈದು ನಿಮಿಷ. ಆಗ ಫೋನ್ ಬಂದರೂ ಎತ್ತಬೇಡಿ.

ಹೊಗೆಯ ರುಚಿಗೆ ಪಟ್ಟ ಪಾಡು ಬೇರೆಯೇ ಕತೆ. ಬಾಣಲೆಯಲ್ಲಿ ಅಕ್ಕಿ, ಸಕ್ಕರೆ, ಚಹಾಪುಡಿ ಹಾಕಿ ಹೊಗೆ ಎಬ್ಬಿಸಿದೆ. ಅಲಾರಂ ಕೂಗಿತು, ಪರದೆಯ ವಾಸನೆ ಮೂರು ದಿನ ಹೋಗಲಿಲ್ಲ, ಮಾಂಸಕ್ಕೆ ಮಾತ್ರ ಬೂದಿಯ ರುಚಿ. ಹೊಗೆಯ ರುಚಿ ಕೊಡುವ ದ್ರವ, ಲಿಕ್ವಿಡ್ ಸ್ಮೋಕ್, ಒಂದು ಚಮಚ ಹಾಕಿದ್ದು ಔಷಧಿ ಕುಡಿದಂತಾಯಿತು, ಕಾಲು ಚಮಚ ಸಾಕು. ಕೊನೆಗೆ ಗೆದ್ದದ್ದು ಸ್ಮೋಕ್ಡ್ ಪ್ಯಾಪ್ರಿಕಾ, ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ.

ಫಾಯಿಲಿನೊಳಗೆ ಏನು ಸುರಿದೆ ಅಂತ ಭಾವ ಕೇಳಿದರು. ವಿನೆಗರ್ ಅಂದೆ. ಅದು ಅರ್ಧ ನಿಜ.