ಬೋಲ್ಟ್ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ

ಮೊನ್ನೆ ಬೆಳಿಗ್ಗೆ ನ್ಯೂಜಿಲೆಂಡಿನಿಂದ ಅಳಿಯ ಮೂರು ಫೋಟೊ ಕಳಿಸಿದ. ಅವನೇ ಮದ್ದು ತುಂಬಿ ಹೊಡೆದ .308 ರೈಫಲ್ ತೋಟೆಗಳ ತಳದ ಚಿತ್ರ. ತಳದ ನಡುವೆ ಕೂರುವ, ಪಿನ್ ಬಡಿದಾಗ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲೇ ಕೇಪು. "ಮಾವ, ಕೇಪು ಸ್ವಲ್ಪ ಚಪ್ಪಟೆ ಆಗಿದೆ. ಪರವಾಗಿಲ್ಲ ಅಲ್ವಾ?"

ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದವನು ನಾನು. ಈಗ ಕೊಡಗಿನ ಪೊನ್ನಂಪೇಟೆಯಲ್ಲಿ ಕಾಫಿ ತೋಟ ನೋಡಿಕೊಂಡಿದ್ದೇನೆ. ಫೋಟೊ ದೊಡ್ಡದು ಮಾಡಿ ನೋಡುವ ಮೊದಲೇ ಕೇಳಿದೆ: "ಬೋಲ್ಟ್ ಎತ್ತುವಾಗ ಕೈಗೆ ಹೇಗಿತ್ತು?" ಚೇಂಬರಿನ ಹಿಂಬದಿ ಮುಚ್ಚುವ, ಹಿಡಿ ಇರುವ ಉಕ್ಕಿನ ಅಗುಳಿಯೇ ಬೋಲ್ಟ್.

ಊರಿನವರಿಗೆ ಒಂದು ಮಾತು. ಕೊಡವರಾದ ನಮಗೆ ಲೈಸೆನ್ಸಿನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟೆ ತಯಾರಿಸಲು 1959ರ ಆಯುಧ ಕಾಯ್ದೆ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿ ಹೊಡೆಯಲು ಅಂಗಡಿ ತೋಟೆ ಸಾಕು. ತೋಟೆಯೊಳಗೆ ಒತ್ತಡ ಮಿತಿ ಮೀರಿದ ಗುರುತುಗಳ ಬಗ್ಗೆ ನಾನು ಬರೆಯುತ್ತಿರುವುದು ಕಾನೂನು ಒಪ್ಪುವ ದೇಶಗಳಲ್ಲಿರುವ ನಮ್ಮ ಮಕ್ಕಳಿಗೆ. ಆದರೆ ಅಂಗಡಿ ತೋಟೆಯಲ್ಲಿ ಈ ಗುರುತುಗಳು ಕಂಡರೂ ನಿಲ್ಲಿಸಲೇಬೇಕು.

ಮೊದಲು ಕೈ. ಗುಂಡು ಹೊಡೆದ ಮೇಲೆ ಬೋಲ್ಟ್ ಎಂದಿನಂತೆ ಏಳಬೇಕು. ಬಿಗಿ ಹಿಡಿಯಿತು, ಅಂಗೈಯಿಂದ ಗುದ್ದಬೇಕಾಯಿತು ಅಂದರೆ ಅವತ್ತಿನ ಶೂಟಿಂಗ್ ಮುಗಿಯಿತು. "ಇನ್ನೊಂದು ಹೊಡೆದು ನೋಡೋಣ" ಅನ್ನಬೇಡಿ.

ಆಮೇಲೆ ಖಾಲಿ ತೋಟೆಯ ತಳವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆತ್ತಿದ ಅಕ್ಷರಗಳ ನಡುವೆ ಸಣ್ಣದೊಂದು ದುಂಡನೆಯ ಹೊಳಪು ಕಾಣುತ್ತದಾ? ಒತ್ತಡ ತಾಳಲಾರದೆ ತೋಟೆಯ ಹಿತ್ತಾಳೆ, ಬೋಲ್ಟ್ ಮುಖದಲ್ಲಿ ಎಜೆಕ್ಟರ್ (ಖಾಲಿ ತೋಟೆಯನ್ನು ಹೊರಗೆಸೆಯುವ ಕಡ್ಡಿ) ಕೂರುವ ತೂತಿನೊಳಗೆ ಉಬ್ಬಿದೆ, ಬೋಲ್ಟ್ ತಿರುಗಿಸುವಾಗ ಆ ಉಬ್ಬು ಉಜ್ಜಿ ಹೊಳೆದಿದೆ. ಉಗುರಿನಲ್ಲಿ ಸವರಿದರೆ ಅಂಚು ತಡೆಯುತ್ತದೆ. ನಾನು ಕೇಪಿಗಿಂತ ಇದನ್ನು ಜಾಸ್ತಿ ನಂಬುತ್ತೇನೆ.

ಕೇಪು ಎರಡೂ ಕಡೆ ಸುಳ್ಳು ಹೇಳುತ್ತದೆ. ಹೊಸ ಕೇಪಿನ ಅಂಚು ದುಂಡಗಿರುತ್ತದೆ. ಅದು ಚಪ್ಪಟೆಯಾಗಿ ಗುಳಿ ತುಂಬ ಹರಡಿದರೆ ಒತ್ತಡ ಜಾಸ್ತಿ ಇರಬಹುದು. ಆದರೆ ಕೇಪಿನ ಲೋಹವೇ ಮೆತ್ತಗಿದ್ದರೂ, ಚೇಂಬರಿನಲ್ಲಿ ತೋಟೆ ಸಡಿಲವಾಗಿ ಕೂತರೂ ಹೀಗಾಗುತ್ತದೆ. ಪಿನ್ನಿನ ಗುರುತಿನ ಸುತ್ತ ದಿಬ್ಬ ಎದ್ದರೆ, ಬೋಲ್ಟ್‌ನಲ್ಲಿ ಪಿನ್ನಿನ ತೂತು ದೊಡ್ಡದಿರಬಹುದು. ಕೇಪಿನ ಸುತ್ತ ಕಪ್ಪು ಮಸಿ ಸೋರಿದ್ದರೆ ಮಾತ್ರ ವಾದ ಬೇಡ. ಮತ್ತೆ ತುಂಬುವಾಗ ಹೊಸ ಕೇಪು ಬಿಗಿಯಿಲ್ಲದೆ ಸಲೀಸಾಗಿ ಜಾರಿದರೆ ಆ ಹಿತ್ತಾಳೆಯ ಆಯಸ್ಸು ಮುಗಿದಿದೆ, ಎಸೆಯಿರಿ.

ಎಲ್ಲಕ್ಕಿಂತ ಮುಖ್ಯ ಇದು: ಹಿತ್ತಾಳೆ ತಡವಾಗಿ ಮಾತಾಡುತ್ತದೆ. .308ಕ್ಕೆ ತೋಟೆಗಳ ಅಳತೆ, ಒತ್ತಡ ನಿಗದಿ ಮಾಡುವ ಅಮೆರಿಕದ ಸಾಮಿ (SAAMI) ಸಂಸ್ಥೆ ಇಟ್ಟ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಹಳೆಯ .30-30 ತೋಟೆಗೆ 42,000 ಮಾತ್ರ. ಅಂಥ ಕಡಿಮೆ ಮಿತಿಯ ರೈಫಲ್‌ನಲ್ಲಿ ಹಿತ್ತಾಳೆಯ ಮೇಲೆ ಗುರುತು ಮೂಡುವ ಹೊತ್ತಿಗೆ ಮಿತಿ ಎಷ್ಟೋ ಹಿಂದೆ ಉಳಿದಿರುತ್ತದೆ. ಹಾಗಾಗಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಕೊಳ್ಳಿ. ಮದ್ದಿನ ಕೈಪಿಡಿಯಲ್ಲಿ ಗರಿಷ್ಠ ಅಳತೆಗೆ ಕೊಟ್ಟ ವೇಗವನ್ನು, ಅದೇ ಉದ್ದದ ನಳಿಕೆಯಲ್ಲಿ ನಿಮ್ಮ ಗುಂಡು ದಾಟಿದರೆ ಒತ್ತಡವೂ ದಾಟಿದೆ ಅಂತಲೇ ತಿಳಿಯಿರಿ. ತಳ ಎಷ್ಟೇ ಚೆನ್ನಾಗಿ ಕಂಡರೂ ಸರಿ. ಪುಕ್ಕಟೆ ವೇಗ ಅಂತ ಏನೂ ಇಲ್ಲ.

ಮದ್ದು ಹೆಚ್ಚು ಹಾಕದೆಯೂ ಒತ್ತಡ ಏರುತ್ತದೆ. ಬಿಸಿಲಲ್ಲಿ ಜೀಪಿನ ಬಾನೆಟ್ ಮೇಲೆ ತೋಟೆ ಇಟ್ಟರೆ, ತೋಟೆಯ ಕತ್ತು ಉದ್ದವಾಗಿ ಗುಂಡನ್ನು ಕಚ್ಚಿದರೆ, ಗುಂಡು ನಳಿಕೆಯ ಗೀರುಗಳಿಗೆ ತಾಗುವಂತೆ ಕೂತರೆ. ಕೇಪು, ಗುಂಡು, ಹಿತ್ತಾಳೆ, ಯಾವುದು ಬದಲಾದರೂ ಅಳತೆ ಇಳಿಸಿ ಮೊದಲಿನಿಂದ ಶುರು ಮಾಡಿ.

ಅಳಿಯ ಸ್ವಲ್ಪ ಹೊತ್ತು ಬಿಟ್ಟು ಉತ್ತರಿಸಿದ: "ಎರಡನೆಯದು ಬಿಗಿ ಇತ್ತು ಮಾವ." ಉಳಿದದ್ದನ್ನೆಲ್ಲ ಬುಲೆಟ್ ಪುಲ್ಲರ್‌ನಲ್ಲಿ ಬಿಚ್ಚಿ, ಖಾಲಿ ತೋಟೆಗಳನ್ನು ಒಂದೊಂದಾಗಿ ತೂಗು ಅಂದೆ. ಸಂಜೆ ಮತ್ತೆ ಫೋಟೊ ಬಂತು. ಕೆಲವು ಮಿಲಿಟರಿ ತೋಟೆ ಬೆರೆತಿದ್ದವು. ಗೋಡೆ ದಪ್ಪ, ಒಳಗೆ ಜಾಗ ಕಡಿಮೆ, ಮದ್ದು ಮಾತ್ರ ಅಷ್ಟೇ. ಈಗ ಅವಕ್ಕೆ ಬೇರೆ ಡಬ್ಬಿ ಮಾಡಿ, ಮೇಲೆ ಕೆಂಪು ಟೇಪು ಸುತ್ತಿದ್ದಾನೆ.